ಎಳೆಯುವ ಗಾಳಿಪಟ: ಬಲವನ್ನು ತಗ್ಗಿಸುವ ಕ್ರಮವೂ ಅದರ ಮಿತಿಯೂ

ಆಷಾಢದ ಗಾಳಿಯಲ್ಲಿ ಪಟ ಹಾರಿಸದೆ ಬಾಲ್ಯವನ್ನು ಕಳೆದವರು ನಮ್ಮಲ್ಲಿ ವಿರಳ. ಆ ಪಟಕ್ಕೆ ಒಂದೇ ದಾರ. ಅದು ಕಡಿದರೆ ನಷ್ಟವಾಗುವುದು ಕಾಗದ ಮತ್ತು ಬಿದಿರುಕಡ್ಡಿ ಮಾತ್ರ. ಆದರೆ ಮನುಷ್ಯನನ್ನೇ ಮರಳಿನ ಮೇಲೆ, ಹಿಮದ ಮೇಲೆ, ನೀರಿನ ಮೇಲೆ ಎಳೆದೊಯ್ಯುವ ಪಟಗಳೂ ಉಂಟು. ಇವುಗಳಲ್ಲಿ ದೊಡ್ಡವುಗಳ ಹರವು ಹತ್ತು ಹನ್ನೆರಡು ಚದರ ಮೀಟರುಗಳಷ್ಟಿರುತ್ತದೆ. ಹಾರುತ್ತಿರುವಾಗಲೇ ಎಳೆತವನ್ನು ಕಡಿಮೆ ಮಾಡಲು ಅನುಕೂಲವಿರುವ ಬಗೆಯನ್ನು 'ಡಿಪವರ್' ಪಟವೆಂದು ಕರೆಯುತ್ತಾರೆ. ಈ ಹೆಸರನ್ನು ಕೇಳಿದವರಿಗೆ, ಬೇಕೆಂದಾಗ ಬಲವನ್ನು ಇಲ್ಲವಾಗಿಸಬಹುದೆಂಬ ಭಾವನೆ ಬರುವುದು ಸಹಜ. ಈ ಭಾವನೆ ಎಷ್ಟರ ಮಟ್ಟಿಗೆ ಸರಿ, ಕಲಿಯುವವರು ಅದರಿಂದ ಏನನ್ನು ಗ್ರಹಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡುವೆವು.

ಪಟದಿಂದ ಎಳೆಸಿಕೊಳ್ಳುವ ಯೋಚನೆ ಹೊಸದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಉಪಾಧ್ಯಾಯ ಜಾರ್ಜ್ ಪೋಕಾಕ್ ಎಂಬಾತನು ಪಟಗಳು ಎಳೆಯುವ ಗಾಡಿಗೆ ೧೮೨೬ರಲ್ಲಿ ಪೇಟೆಂಟು ಪಡೆದನು. ಅವನು ಪಟವನ್ನು ನಡೆಸಲು ನಾಲ್ಕು ಹಗ್ಗಗಳನ್ನು ಬಳಸಿದ್ದನೆಂಬುದು ಗಮನಾರ್ಹ. ೧೯೦೩ರಲ್ಲಿ ಸ್ಯಾಮ್ಯುಯೆಲ್ ಕೋಡಿ ಪಟ ಎಳೆದ ದೋಣಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದನು. ೧೯೮೪ರಲ್ಲಿ ಫ್ರಾನ್ಸಿನ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯೂ ಸೋದರರು, ನೀರಿಗೆ ಬಿದ್ದರೂ ಮತ್ತೆ ಏಳಬಲ್ಲ, ಗಾಳಿ ತುಂಬಿದ ಕೊಳವೆಗಳ ಚೌಕಟ್ಟುಳ್ಳ ಪಟಕ್ಕೆ ಪೇಟೆಂಟು ಕೋರಿದರು. ಇಂದಿನ ಕ್ರೀಡೆ ಬೆಳೆದದ್ದು ಇಂತಹ ಪ್ರಯತ್ನಗಳಿಂದ.

ರಚನೆ

ಡಿಪವರ್ ಪಟಕ್ಕೆ ಸಾಮಾನ್ಯವಾಗಿ ನಾಲ್ಕು ಹುರಿಗಳಿರುತ್ತವೆ. ಮುಂದಿನ ಎರಡು ಹುರಿಗಳು ಎಳೆತದ ಬಹುಭಾಗವನ್ನು ಹೊತ್ತು, ಹಿಡಿಕೋಲಿನ ನಡುವಣ ರಂಧ್ರದ ಮೂಲಕ ಹಾದುಬಂದು, ಹಾರಿಸುವವರ ಸೊಂಟದ ಪಟ್ಟಿಯ ಕೊಕ್ಕೆಗೆ ಸೇರುತ್ತವೆ. ಹಿಂದಿನ ಎರಡು ಹುರಿಗಳು ಹಿಡಿಕೋಲಿನ ಎರಡು ತುದಿಗಳಿಗೆ ಕಟ್ಟಲ್ಪಟ್ಟಿರುತ್ತವೆ. ಕೋಲನ್ನು ಓರೆಮಾಡಿದರೆ ಪಟ ಎಡಕ್ಕೋ ಬಲಕ್ಕೋ ತಿರುಗುತ್ತದೆ. ಕೋಲನ್ನು ಮೈಯ ಕಡೆಗೆ ಎಳೆದರೆ ಹಿಂದಿನ ಹುರಿಗಳು ಬಿಗಿಯಾಗಿ ಪಟದ ಹಿಂಬದಿ ತಗ್ಗುತ್ತದೆ. ಗಾಳಿಗೂ ಪಟದ ಮೈಗೂ ನಡುವಣ ಕೋನ ಹೆಚ್ಚಿ ಎಳೆತ ಬಲವಾಗುತ್ತದೆ. ಕೋಲನ್ನು ದೂರಕ್ಕೆ ಬಿಟ್ಟರೆ ಆ ಕೋನ ಕುಗ್ಗಿ ಎಳೆತ ಇಳಿಯುತ್ತದೆ. ಕೋಲನ್ನು ಮಿತಿಮೀರಿ ಎಳೆದರೆ ಮಾತ್ರ ಪಟದ ಮೇಲ್ಮೈಯಲ್ಲಿ ಗಾಳಿಯ ಹರಿವು ಕಡಿದು, ಪಟ ಹಿಂದಕ್ಕೆ ಕುಸಿಯುತ್ತದೆ.

ಇದನ್ನು ತರಗತಿಯಲ್ಲಿಯೇ ತೋರಿಸಬಹುದು. ಮೇಜಿನ ವಿದ್ಯುತ್ ಬೀಸಣಿಗೆಯ ಎದುರಿಗೆ ದಪ್ಪ ರಟ್ಟಿನ ಹಾಳೆಯನ್ನು ಓರೆಯಾಗಿ ಹಿಡಿದರೆ ಕೈಗೆ ಒತ್ತಡ ತಿಳಿಯುತ್ತದೆ. ಹಾಳೆಯನ್ನು ಗಾಳಿಗೆ ಸಮಾನಾಂತರವಾಗಿ ಬಾಗಿಸುತ್ತ ಬಂದಂತೆ ಒತ್ತಡ ತಗ್ಗುತ್ತದೆ. ಬೀಸಣಿಗೆಯ ವೇಗವನ್ನು ಹೆಚ್ಚಿಸಿದರೆ, ತಗ್ಗಿದ ಒತ್ತಡ ಮತ್ತೆ ಏರುತ್ತದೆ. ಡಿಪವರ್ ಪಟದ ಗುಣವೂ ಮಿತಿಯೂ ಈ ಪ್ರಯೋಗದಲ್ಲಿ ಅಡಗಿವೆ.

ಲೆಕ್ಕ

ಎಳೆತವು ಪಟದ ಹರವಿಗೆ ಅನುಪಾತದಲ್ಲಿಯೂ, ಗಾಳಿಯ ವೇಗದ ವರ್ಗಕ್ಕೆ ಅನುಪಾತದಲ್ಲಿಯೂ ಬೆಳೆಯುತ್ತದೆ. ೧೦ ಚದರ ಮೀಟರಿನ ಪಟವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಗಾಳಿಯ ಸಾಂದ್ರತೆ ಘನಮೀಟರಿಗೆ ೧.೨ ಕಿಲೋಗ್ರಾಂ, ಬಲದ ಗುಣಾಂಕ ೧ ಎಂದು ಇಟ್ಟುಕೊಂಡರೆ, ಸೆಕೆಂಡಿಗೆ ೬ ಮೀಟರ್ ಗಾಳಿಯಲ್ಲಿ ಎಳೆತ ೨೧೬ ನ್ಯೂಟನ್, ಅಂದರೆ ಸುಮಾರು ೨೨ ಕಿಲೋಗ್ರಾಂ ತೂಕದಷ್ಟು. ಗಾಳಿ ೧೨ ಮೀಟರಿಗೆ ಏರಿದರೆ ಎಳೆತ ನಾಲ್ಮಡಿಯಾಗಿ ೮೬೪ ನ್ಯೂಟನ್, ಅಂದರೆ ೮೮ ಕಿಲೋಗ್ರಾಂ ತೂಕದಷ್ಟಾಗುತ್ತದೆ. ಇದು ಅನೇಕ ವಯಸ್ಕರ ಮೈತೂಕವನ್ನೂ ಮೀರಿದ್ದು.

ಈಗ ಕೋಲನ್ನು ದೂರಕ್ಕೆ ಬಿಟ್ಟು ಗುಣಾಂಕವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿದೆವೆಂದು ಭಾವಿಸೋಣ. ೧೨ ಮೀಟರ್ ಗಾಳಿಯಲ್ಲಿ ಉಳಿಯುವ ಎಳೆತ ೨೮೮ ನ್ಯೂಟನ್. ಮೆಲುಗಾಳಿಯಲ್ಲಿ ಪೂರ್ಣಬಲದಿಂದ ಎಳೆದುದಕ್ಕಿಂತ, ಬಿರುಗಾಳಿಯಲ್ಲಿ ಬಲ ತಗ್ಗಿಸಿದ ಮೇಲೂ ಪಟ ಹೆಚ್ಚು ಎಳೆಯುತ್ತದೆ! ಈ ಅಂಕಿಗಳು ಅಂದಾಜಿನವು. ಆದರೆ ಅವುಗಳ ತಾತ್ಪರ್ಯದಲ್ಲಿ ಸಂದೇಹವಿಲ್ಲ. ಬಲವನ್ನು ತಗ್ಗಿಸುವುದು ಬೇರೆ, ಇಲ್ಲವಾಗಿಸುವುದು ಬೇರೆ.

ಪಟದ ಚಲನೆಯೂ ಲೆಕ್ಕಕ್ಕೆ ಸೇರಬೇಕು. ಗಾಳಿಗೆ ಬೆನ್ನುಮಾಡಿ ನಿಂತವರ ಮುಂದೆ ಗೋಳದ ಕಾಲುಭಾಗದಂತಹ ಆವರಣವೊಂದನ್ನು ಕಲ್ಪಿಸಿಕೊಳ್ಳಬಹುದು. ಪಟ ಅದರ ಅಂಚಿನಲ್ಲಿ, ಎಂದರೆ ಎಡಬಲಗಳಲ್ಲಿ ಅಥವಾ ನೆತ್ತಿಯ ಮೇಲೆ, ನಿಂತಾಗ ಎಳೆತ ಕಡಿಮೆ. ಆವರಣದ ನಡುವೆ ಅಡ್ಡಹಾಯುವಾಗ ಅದರ ಸ್ವಂತ ವೇಗವೂ ಸೇರಿ, ಪಟಕ್ಕೆ ತಾಗುವ ಗಾಳಿ ಬೀಸುವ ಗಾಳಿಗಿಂತ ಬಹಳ ಹೆಚ್ಚಾಗುತ್ತದೆ. ಅದು ಮೂರು ಮಡಿಯಾದರೆ ಎಳೆತ ಒಂಬತ್ತು ಮಡಿ. ಆದುದರಿಂದ ದೊಡ್ಡ ಪಟವನ್ನು ಆವರಣದ ನಡುವಿನಿಂದ ಎಂದಿಗೂ ಎಬ್ಬಿಸಬಾರದು, ಅಂಚಿನಿಂದಲೇ ಎಬ್ಬಿಸತಕ್ಕದ್ದು. ನೆತ್ತಿಯ ಮೇಲೆ ಪಟವನ್ನು ನಿಲ್ಲಿಸಿ ವಿಶ್ರಮಿಸುವುದೂ ಅಪಾಯಕರ. ಅಲ್ಲಿ ಎಳೆತ ಮೇಲ್ಮುಖವಾಗಿರುವುದರಿಂದ, ಗಾಳಿ ಒಮ್ಮೆಗೇ ಜೋರಾದರೆ ನಿಂತವರನ್ನು ನೆಲದಿಂದ ಎತ್ತಿಬಿಡಬಹುದು.

ಕಲಿಕೆ

ಮೊದಲ ಪಾಠ ಎರಡು ಮೂರು ಚದರ ಮೀಟರಿನ ಚಿಕ್ಕ ಪಟದಿಂದ ಆಗಬೇಕು. ಕಣ್ಣು ಆಕಾಶದಲ್ಲಿದ್ದಾಗ ಕೈ ತಾನಾಗಿ ನಡೆಯುವಷ್ಟು ಅಭ್ಯಾಸವಾದ ಮೇಲೆ, ಅರಿತವರ ಜೊತೆಯಲ್ಲಿ, ದೊಡ್ಡ ಪಟಕ್ಕೆ ಬರುವುದು ಯುಕ್ತ. ಸ್ಥಳವು ಬಯಲಾಗಿರಬೇಕು, ಗಾಳಿ ಹೋಗುವ ದಿಕ್ಕಿನಲ್ಲಿ ಜನ, ಬಂಡೆ, ಮರ, ವಿದ್ಯುತ್ ತಂತಿ ಇರಬಾರದು. ಮರ ಮತ್ತು ಕಟ್ಟಡಗಳ ಮರೆಯಲ್ಲಿ ಗಾಳಿ ಸುಳಿಯಾಗುವುದರಿಂದ ಅಂತಹ ಸ್ಥಳಗಳನ್ನು ಬಿಡಬೇಕು. ಸಮುದ್ರತೀರದಲ್ಲಿ ನೆಲದಿಂದ ಕಡಲಿನತ್ತ ಬೀಸುವ ಗಾಳಿ ಕಲಿಯುವವರಿಗೆ ತಕ್ಕುದಲ್ಲ. ಗುಡುಗುಮೋಡ ಕಾಣಿಸಿದೊಡನೆ ಪಟವನ್ನು ಇಳಿಸಬೇಕು. ಅದರ ಮುಂದೆ ನುಗ್ಗುವ ಗಾಳಿ ನಮ್ಮ ಲೆಕ್ಕಗಳನ್ನೆಲ್ಲ ಕ್ಷಣದಲ್ಲಿ ಬದಲಿಸುತ್ತದೆ. ಹಾರಿಸುವ ಮುನ್ನ ನಾಲ್ಕು ಹುರಿಗಳೂ ತೊಡಕಿಲ್ಲದೆ ತಮ್ಮ ತಮ್ಮ ಸ್ಥಾನದಲ್ಲಿವೆಯೇ ಎಂದು ಕೊನೆಯಿಂದ ಕೊನೆಯವರೆಗೆ ನಡೆದು ನೋಡಬೇಕು. ಬಿಗಿಯಾದ ಹುರಿ ಕತ್ತಿಯಂತೆ ಕುಯ್ಯುತ್ತದೆಂಬುದನ್ನು ನೋಡಲು ಬಂದವರಿಗೂ ತಿಳಿಸಬೇಕು.

ಇವೆಲ್ಲಕ್ಕಿಂತ ಕಠಿಣವಾದದ್ದು ಮನುಷ್ಯನ ಸಹಜ ಪ್ರವೃತ್ತಿಯನ್ನು ತಿದ್ದುವುದು. ಗಾಬರಿಯಾದವರು ಕೈಯಲ್ಲಿದ್ದುದನ್ನು ಬಿಗಿಹಿಡಿದು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಮರದ ಕೊಂಬೆಯಿಂದ ಜಾರುವವರನ್ನು ಈ ಪ್ರವೃತ್ತಿ ಉಳಿಸಬಹುದು. ಇಲ್ಲಿ ಅದೇ ಅವರನ್ನು ಕೆಡವುತ್ತದೆ. ಕೋಲನ್ನು ಎಳೆದಷ್ಟೂ ಪಟ ಹೆಚ್ಚು ಎಳೆಯುತ್ತದೆ, ಹೆಚ್ಚು ಎಳೆದಷ್ಟೂ ಗಾಬರಿ ಬೆಳೆಯುತ್ತದೆ. ಹೀಗಾಗಿ ಕೈ ಬಿಡುವುದನ್ನು ಹಿಡಿಯುವುದಕ್ಕಿಂತ ಮೊದಲು ಕಲಿಯಬೇಕು.

ಕೋಲನ್ನು ಬಿಟ್ಟರೂ ಪಟ ಸೊಂಟಕ್ಕೆ ಕಟ್ಟಿಕೊಂಡೇ ಇರುತ್ತದೆ ಎಂಬುದನ್ನು ಮರೆಯಲಾಗದು. ಅದಕ್ಕಾಗಿಯೇ ಕೊಕ್ಕೆಯ ಬಳಿ ಬಿಡುಗಡೆಯ ಕೀಲೊಂದಿದೆ. ಅದನ್ನು ತಳ್ಳಿದರೆ ಮುಖ್ಯ ಕುಣಿಕೆ ತೆರೆದು, ಪಟ ಒಂದೇ ರಕ್ಷಣಾ ಹುರಿಯ ಮೇಲೆ ಬಾವುಟದಂತೆ ಮಡಿದು ಬೀಳುತ್ತದೆ. ಅಷ್ಟಕ್ಕೂ ಎಳೆತ ನಿಲ್ಲದಿದ್ದರೆ, ರಕ್ಷಣಾ ಹುರಿಯ ಎರಡನೆಯ ಕೀಲನ್ನು ತೆರೆದು ಪಟವನ್ನೇ ಬಿಟ್ಟುಬಿಡಬೇಕು. ಕೀಲಿನೊಳಗೆ ಮರಳು ಸೇರಿದರೆ ಅದು ಸಿಕ್ಕಿಕೊಳ್ಳಬಹುದು. ಆದುದರಿಂದ ಪ್ರತಿದಿನವೂ ಹಾರಿಸುವ ಮೊದಲು ತೆರೆದು ನೋಡತಕ್ಕದ್ದು. ನೆಲದ ಮೇಲೆ, ಪಟವಿಲ್ಲದೆ, ಕಣ್ಣುಮುಚ್ಚಿ, ಎರಡು ಕೈಗಳಿಂದಲೂ ಇದನ್ನು ಅಭ್ಯಾಸ ಮಾಡಬೇಕು. ಬಳಿಕ ಮೆಲುಗಾಳಿಯಲ್ಲಿ ಹಾರುವ ಪಟವನ್ನು ಬೇಕೆಂದೇ ಬಿಡುಗಡೆ ಮಾಡಿ ನೋಡಬೇಕು. ಅಪಾಯದ ಹೊತ್ತಿನಲ್ಲಿ ಯೋಚಿಸಲು ಒಂದೆರಡು ಸೆಕೆಂಡು ಸಿಕ್ಕರೆ ಹೆಚ್ಚು.

ಪಟವನ್ನು ಬಿಡಲು ಹಿಂಜರಿಯುವುದಕ್ಕೆ ಅದರ ಬೆಲೆಯೂ ಒಂದು ಕಾರಣ. ಆದರೆ ಹರಿದ ಬಟ್ಟೆಯನ್ನು ಹೊಲಿಯಬಹುದು, ಕಡಿದ ಹುರಿಯನ್ನು ಬದಲಿಸಬಹುದು. ಗಾಳಿ ಹೆಚ್ಚಿದೆಯೆಂದು ಅನುಮಾನ ಬಂದ ದಿನ ಪಟವನ್ನು ಚೀಲದಿಂದ ತೆಗೆಯದೆ ಮನೆಗೆ ಮರಳುವುದೂ ಈ ಕಲಿಕೆಯ ಒಂದು ಅಂಗವೇ ಎಂದು ನಾವು ತಿಳಿಯುತ್ತೇವೆ.