ಮೂವತ್ತು–ನಲವತ್ತರಲ್ಲಿ ಎಷ್ಟು ದಿನದ ನೀರು?

ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಒಳರಸ್ತೆಗಳಲ್ಲಿ ಹಳೆ ಮನೆ ಕೆಡವಿ ಹೊಸದಕ್ಕೆ ಪಾಯ ತೋಡುವಾಗ ಮೊದಲು ತೀರ್ಮಾನವಾಗುವುದು ಕಾರು ಎಲ್ಲಿ ನಿಲ್ಲಬೇಕು ಎಂಬುದು. ಆ ಕಾರಿನಡಿ ಮಿಕ್ಕ ಜಾಗ ಸಂಪಿನ ಪಾಲು, ತಾರಸಿಯ ಮೂಲೆ ಸಿಂಟೆಕ್ಸಿನ ಪಾಲು. ‘ಎಷ್ಟು ಸಾವಿರದ ಸಂಪು?’ ಎಂದು ಮೇಸ್ತ್ರಿ ಕೇಳುತ್ತಾನೆ. ‘ಎಷ್ಟು ದಿನದ ಸಂಪು?’ ಎಂದು ಕೇಳಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತು.

ಲೆಕ್ಕವನ್ನು ದಿನಗಳಲ್ಲೇ ಹಾಕುವವರು ಹಾಯಿದೋಣಿಯವರು. ಅವರಿಗೂ ನಮ್ಮ ಮೂವತ್ತು–ನಲವತ್ತು ಅಡಿ ಸೈಟಿನ ಕಷ್ಟವೇ: ಒಡಲು ಹಿಗ್ಗುವುದಿಲ್ಲ. ಮಲಗುವ ಹಲಗೆಯ ಕೆಳಗೆ, ತಳದ ಸಂದುಗೊಂದುಗಳಲ್ಲಿ ಟ್ಯಾಂಕು ಕೂರಿಸುತ್ತಾರೆ; ಡಬ್ಬಿ ಹಿಡಿಸದ ಕಡೆ ಮೆತ್ತನೆಯ ರಬ್ಬರ್ ಚೀಲ ತುರುಕುತ್ತಾರೆ. ಪಾತ್ರೆಯನ್ನು ಉಪ್ಪುನೀರಿನಲ್ಲಿ ತೊಳೆದು, ಮಳೆ ಬಂದಾಗ ಹಾಯಿಯಿಂದಲೇ ನೀರು ಹಿಡಿಯುತ್ತಾರೆ. ಮುಂದಿನ ಬಂದರಿಗೆ ಎಷ್ಟು ದಿನ ಎಂಬುದೇ ಅವರ ಟ್ಯಾಂಕಿನ ಅಳತೆ.

ಈ ಲೆಕ್ಕವನ್ನು ನೆಲದ ಮೇಲೆ ಹಾಕಿ ತೋರಿಸಿದ ಮನೆ ವಿಜಯನಗರದಲ್ಲೇ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ 1990ರ ದಶಕದ ನಡುವೆ ಕಟ್ಟಿದ ‘ಸೌರಭ’. ಅದು ಮಳೆನೀರನ್ನೇ ನಂಬಿದ ಮನೆ. ಕಟ್ಟುವ ಮುಂಚೆ ಅವರು ನಗರದ ಹಳೆಯ ಮಳೆ ದಾಖಲೆಗಳನ್ನು ಕೂಡಿಸಿಕೊಂಡು ಕೂತರು. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಒಂದು ಕುಟುಂಬಕ್ಕೆ ಅದು ಸಾಲದೆಂದೇನಿಲ್ಲ. ಅವರಿಗೆ ಬೇಕಿದ್ದದ್ದು ಇನ್ನೊಂದು ಅಂಕಿ: ಒಂದು ಒಳ್ಳೆಯ ಮಳೆಗೂ ಮುಂದಿನದಕ್ಕೂ ನಡುವೆ ಅತಿ ಹೆಚ್ಚೆಂದರೆ ಎಷ್ಟು ದಿನ? ಹೆಚ್ಚುಕಡಿಮೆ ನೂರು. ಮನೆಯ ಬಳಕೆ ದಿನಕ್ಕೆ 400 ಲೀಟರ್. ಎರಡನ್ನೂ ಗುಣಿಸಿ, ಕೊಂಚ ಕೈಯಳತೆ ಸೇರಿಸಿ 45,000 ಲೀಟರಿನ ಏರ್ಪಾಡು ಮಾಡಿಕೊಂಡರು. ಅದೂ ಒಂದೇ ಗುಂಡಿಯಲ್ಲಲ್ಲ. ಬೇರೆ ಬೇರೆ ಎತ್ತರಗಳಲ್ಲಿ ಹಂಚಿಟ್ಟು. ಬಟ್ಟೆ ಒಗೆಯುವ ಯಂತ್ರದಿಂದ ಬಂದ ನೀರು ಶೌಚಾಲಯಕ್ಕೆ ಹೋಗುತ್ತದೆ. ತಾರಸಿಯ ಪೈಪಿಗೆ ಕೂರಿಸುವ, ಕಸ ಕಟ್ಟಿದಾಗ ತಾನೇ ಮೇಲೇಳುವ ‘ಪಾಪ್‌ಅಪ್’ ಶೋಧಕವೂ ಅವರದೇ ಕೆಲಸ.

‘ಅವರದು ನಲವತ್ತು–ಅರವತ್ತು ಸೈಟು ಸ್ವಾಮಿ’ ಎಂದು ರಾಜಾಜಿನಗರದವರು ಗೊಣಗಬಹುದು. ನ್ಯಾಯವೇ. ಆದ್ದರಿಂದ ಸಣ್ಣ ಮನೆಯ ಲೆಕ್ಕವನ್ನೇ ಹಿಡಿಯೋಣ. ಎಂಟಡಿ ಉದ್ದ, ಆರಡಿ ಅಗಲ, ಐದಡಿ ಆಳದ ಸಂಪಿನಲ್ಲಿ ಸುಮಾರು 6,800 ಲೀಟರ್ ನಿಲ್ಲುತ್ತದೆ. ದಿನಕ್ಕೆ 400 ಲೀಟರ್ ಬಳಸುವ ಮನೆಗೆ ಅದು ಹದಿನೇಳು ದಿನ. ಒಂದಡಿ ಹೆಚ್ಚು ತೋಡಿಸಿದರೆ 1,360 ಲೀಟರ್ ಸೇರಿ ಮೂರು ದಿನ ಚಿಲ್ಲರೆ ಬೆಳೆಯುತ್ತದೆ. ಆಳ ಹಾಗೇ ಇಟ್ಟು ಬಳಕೆಯನ್ನು 300ಕ್ಕೆ ಇಳಿಸಿದರೆ? ಅದೇ ಸಂಪು ಇಪ್ಪತ್ತೆರಡು ದಿನ ಬರುತ್ತದೆ. ಜೆಸಿಬಿ ಬರಲಿಲ್ಲ, ಬಂಡೆ ಒಡೆಯಲಿಲ್ಲ. ಐದು ದಿನ ಗಿಟ್ಟಿತು. 2024ರ ಬೇಸಿಗೆಯ ಬರದಲ್ಲಿ ಜಲಮಂಡಳಿ ನಲ್ಲಿಗಳಿಗೆ ನೀರಿನ ಧಾರೆ ತಗ್ಗಿಸುವ ಏರೇಟರ್ ಹಾಕಿಸಲು ಹಟ ಹಿಡಿದದ್ದನ್ನು ನಾವೆಲ್ಲ ಗೇಲಿ ಮಾಡಿದೆವು. ಲೆಕ್ಕ ಮಾತ್ರ ಮಂಡಳಿಯ ಕಡೆಗಿತ್ತು.

ಇನ್ನು ಮಳೆ. ಒಂಬೈನೂರು ಚದರಡಿ ತಾರಸಿಯ ಮೇಲೆ 20 ಮಿಲಿಮೀಟರಿನ ಒಂದು ಜೋರುಮಳೆ ಸುರಿದರೆ, ಮೊದಲ ಕೊಳೆನೀರು ಬಿಟ್ಟು, ಹಿಂಗಿ ಹಾರಿದ್ದು ಕಳೆದು 1,300 ಲೀಟರ್ ಕೈಗೆ ಬಂದೀತು. ಬರಬೇಕಾದರೆ ಸಂಪಿನಲ್ಲಿ ಜಾಗವಿರಬೇಕಲ್ಲ! ನಮ್ಮಲ್ಲಿ ಕಾವೇರಿ ನೀರು ಬಿಟ್ಟ ದಿನವೇ ಸಂಪು ಕಂಠಮಟ್ಟ ತುಂಬಿಕೊಳ್ಳುವುದು ರೂಢಿ. ಸಂಜೆ ಮಳೆ ಬಂದರೆ ತಾರಸಿಯ ನೀರೆಲ್ಲ ಮೋರಿಗಿಳಿದು, ಅಲ್ಲಿಂದ ರಾಜಕಾಲುವೆ ಹಿಡಿದು, ನಾಯಂಡಹಳ್ಳಿ ದಾಟಿ ಕೆಂಗೇರಿ ಕಡೆಗೆ ವೃಷಭಾವತಿಯ ಪಾಲು. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪುಗಳಲ್ಲಿ ಎತ್ತಿ ತಂದ ನೀರನ್ನು ಸಂಪಿನಲ್ಲಿ ಕೂರಿಸಿ, ಮನೆ ಮೇಲೆ ಪುಕ್ಕಟೆ ಬಿದ್ದದ್ದನ್ನು ಮೋರಿಗೆ ಬಿಡುವುದು ಯಾವ ಜಾಣತನವೋ ತಿಳಿಯದು. ಮೇಯಿಂದ ಅಕ್ಟೋಬರ್‌ವರೆಗೆ ಫ್ಲೋಟ್ ವಾಲ್ವನ್ನು ಒಂದೂವರೆ ಅಡಿ ತಗ್ಗಿಸಿಟ್ಟರೆ ಮಳೆಗೆ ಜಾಗ ಸಿಗುತ್ತದೆ. ಮಳೆನೀರು ಸಂಗ್ರಹ ಕಡ್ಡಾಯವಾಗಿ 2009ಕ್ಕೇ ಕಾನೂನು ಬಂದಿದೆ: ಹೊಸದಾದರೆ ಮೂವತ್ತು–ನಲವತ್ತಕ್ಕೂ, ಹಳೆಯದಾದರೆ ನಲವತ್ತು–ಅರವತ್ತಕ್ಕೂ. ಬಿಲ್ಲಿನ ಜೊತೆ ದಂಡ ಕಟ್ಟಿ ಸುಮ್ಮನಿರುವವರೂ ಇದ್ದಾರೆ.

ದೋಣಿಯವರಿಂದ ಕಲಿಯಬೇಕಾದದ್ದು ಇನ್ನೂ ಒಂದಿದೆ: ನೀರನ್ನೆಲ್ಲ ಒಂದೇ ಟ್ಯಾಂಕಿನಲ್ಲಿ ಇಡಬಾರದು. ನೌಕಾಪಡೆಯ ಅಭಿಲಾಷ್ ಟಾಮಿ 2012ರ ನವೆಂಬರಿನಲ್ಲಿ ‘ಮಾದೇಯಿ’ ಹಾಯಿದೋಣಿ ಏರಿ ಮುಂಬೈಯಿಂದ ಎಲ್ಲೂ ನಿಲ್ಲದೆ ಒಬ್ಬರೇ ಭೂಪ್ರದಕ್ಷಿಣೆಗೆ ಹೊರಟರು. ಪಯಣ ಮುಗಿಯುವ ಹೊತ್ತಿಗೆ ಕುಡಿಯುವ ನೀರಿಗೆ ಡೀಸೆಲ್ ಬೆರೆಯಿತು; ಉಳಿದ ಸ್ವಲ್ಪ ನೀರನ್ನು ಜತನ ಮಾಡಿಕೊಂಡು 2013ರ ಮಾರ್ಚ್ ಕೊನೆಗೆ ದಡ ಸೇರಿದರು. ನಮ್ಮಲ್ಲಿ ಡೀಸೆಲ್ ಇಲ್ಲ, ಮ್ಯಾನ್‌ಹೋಲ್ ಇದೆ. ಹಳೆ ಬಡಾವಣೆಗಳ ಕಿರಿದಾದ ಸೆಟ್‌ಬ್ಯಾಕಿನಲ್ಲಿ ಒಳಚರಂಡಿ ಪೈಪೂ ಸಂಪಿನ ಗೋಡೆಯೂ ಅಕ್ಕಪಕ್ಕ. ಒಂದು ಬಿರುಕು ಬಿಟ್ಟರೆ ಅಷ್ಟೂ ನೀರು ಹೊರಚೆಲ್ಲಬೇಕು. ಬೇಸಿಗೆಯಲ್ಲಿ ಟ್ಯಾಂಕರಿನ ಗಡಸು ಬೋರ್ ನೀರನ್ನು ಕಾವೇರಿಯ ಮೇಲೇ ಸುರಿಸಿಕೊಂಡವರಿಗೆ ಅಡುಗೆಗೂ ಅದೇ, ಗೀಸರಿಗೂ ಅದೇ. ನಡುವೆ ಒಂದು ಗೋಡೆ ಎಬ್ಬಿಸಿ ಸಂಪನ್ನು ಎರಡು ಮಾಡುವುದರಿಂದ ಲೀಟರ್ ಕೊಂಚ ಕಡಿಮೆಯಾದರೂ ಅದು ಲಾಭದ ಬಾಬತ್ತೇ.

ತಾರಸಿಯ ಮೇಲೆ ಇನ್ನೊಂದು ಸಿಂಟೆಕ್ಸ್ ಕೂರಿಸುವುದು ಸುಲಭದ ದಾರಿಯಂತೆ ಕಾಣುತ್ತದೆ. ಸಾವಿರ ಲೀಟರ್ ಎಂದರೆ ಒಂದು ಟನ್. ದೋಣಿಯವರು ಭಾರವನ್ನು ತಳಕ್ಕೆ ಇಳಿಸುತ್ತಾರೆ, ನಾವು ನೆತ್ತಿಗೆ ಏರಿಸುತ್ತೇವೆ. ಏರಿಸಲೇಬೇಕಿದ್ದರೆ ಅದು ಸ್ಲಾಬಿನ ನಡುವೆ ಅಲ್ಲ, ಕಂಬದ ನೆತ್ತಿಯ ಮೇಲೆ ಬರಲಿ. ಸ್ಟ್ರಕ್ಚರಲ್ ಎಂಜಿನಿಯರಿಗೆ ಒಮ್ಮೆ ತೋರಿಸಿ. ಸಂಪು ಹಿಗ್ಗಿಸುವ ಯೋಚನೆಯಿದ್ದವರು ಸಂಕ್ರಾಂತಿ ಕಳೆದ ಮೇಲೆ ಕೈ ಹಾಕಿದರೆ ಒಳ್ಳೆಯದು. ಗಾರೆ ಕ್ಯೂರಿಂಗ್ ಆಗಿ, ಸೋರಿಕೆ ನೋಡಿ, ಭರಣಿ ಮಳೆಗೆ ಸಿದ್ಧವಾಗಲು ಅಷ್ಟು ಕಾಲ ಬೇಕೇ ಬೇಕು.