ಪಾಲ್, ಹಾಲು, ಪಾಲು: ನಿಘಂಟಿನಲ್ಲಿ ಪದಚರಿತ್ರೆ

ಹಳಗನ್ನಡದ 'ಪಾಲ್' ಎಂಬ ರೂಪವು ಕ್ಷೀರ, ಭಾಗ ಎಂಬ ಎರಡು ಅರ್ಥಗಳಲ್ಲಿ ದೊರೆಯುತ್ತದೆ. ಪದಾದಿಯ ಪಕಾರವು ಹಕಾರವಾದಾಗ ಮೊದಲನೆಯದು 'ಹಾಲು' ಆಯಿತು. ಎರಡನೆಯದು 'ಪಾಲು' ಆಗಿಯೇ ಉಳಿಯಿತು. ಧ್ವನಿನಿಯಮವೂ ಅದರ ಅಪವಾದವೂ ಇಲ್ಲಿ ಜೊತೆಯಾಗಿವೆ. ಆದರೆ ಅಕಾರಾದಿ ಕ್ರಮವು ಹಳೆಯ ರೂಪವನ್ನೂ ಹೊಸ ರೂಪವನ್ನೂ ದೂರ ದೂರ ಇರಿಸುತ್ತದೆ. ಅವುಗಳನ್ನು ಬೆಸೆಯುವುದು ಪರಸ್ಪರ ನಿರ್ದೇಶ ಮತ್ತು ಪ್ರಯೋಗಗಳ ಉಲ್ಲೇಖ. 1894ರ ಕಿಟ್ಟೆಲ್ ಕೋಶವು ದ್ರಾವಿಡ ಜ್ಞಾತಿಪದಗಳತ್ತ ಗಮನ ಸೆಳೆಯಿತು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಶಾಸನ, ಕಾವ್ಯಗಳ ಪ್ರಯೋಗಗಳನ್ನು ಒದಗಿಸಿತು.

ಆದರೂ ಮೊದಲ ಲಿಖಿತ ಪ್ರಯೋಗವು ಪದರೂಪದ ಹುಟ್ಟಿನ ಕಾಲವಲ್ಲ. ಕಾವ್ಯಸಂಪ್ರದಾಯವು ಪಕಾರವನ್ನು ಉಳಿಸಿಕೊಂಡಿದ್ದಾಗಲೂ ಆಡುಮಾತಿನಲ್ಲಿ ಹಕಾರವು ಬಳಕೆಗೆ ಬಂದಿರಬಹುದು. ಹಕಾರರೂಪದ ಮೊದಲ ದಾಖಲೆಯು, ಬದಲಾವಣೆ ಅದಕ್ಕಿಂತ ತಡವಾದುದಲ್ಲ ಎಂಬುದನ್ನಷ್ಟೇ ಸ್ಥಾಪಿಸುತ್ತದೆ.