ಹಾಳೂರಿನ ಮಣ್ಣು

ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯವು ಶಿಲಾಮಯವಾದುದರಿಂದ ತುಂಗಭದ್ರೆಯ ತಟದಲ್ಲಿ ಇಂದಿಗೂ ನಿಂತಿದೆ. ಆ ಕಾಲದ ಒಕ್ಕಲುಮನೆಗಳಾದರೋ ಮೃಣ್ಮಯವಾಗಿದ್ದು ಮಣ್ಣಿಗೇ ಮರಳಿದುವು. ಹೀಗೆ ಮನೆಗಳೆಲ್ಲ ಅಳಿದು ಜನವಸತಿಯಿಲ್ಲದಾದ ಗ್ರಾಮವನ್ನು ನಮ್ಮ ಕಂದಾಯದ ಕಡತಗಳು ‘ಬೇಚರಾಕ್’ ಎನ್ನುತ್ತವೆ. ಜನರ ಬಾಯಲ್ಲಿ ಅದು ಹಾಳೂರು.

ಬರವೋ, ವ್ಯಾಧಿಯೋ, ದಂಡಿನ ಹಾವಳಿಯೋ ಊರನ್ನು ಬರಿದುಮಾಡಿದರೂ, ಬೂದಿ ಬೆರೆತ ನೆಲ, ಕುಸಿದ ಹಗೇವು, ಒಂಟಿ ವೀರಗಲ್ಲು, ನೇಗಿಲ ಸಾಲಿನಲ್ಲಿ ಮೇಲೇಳುವ ಮಡಕೆಯ ಚೂರು ಇವು ಪುರಾತತ್ತ್ವಜ್ಞನಿಗೆ ಸಾಕ್ಷಿ ನುಡಿಯುತ್ತವೆ. ಅಂಗೈಯಗಲದ ಬಾಯಂಚಿನ ಚೂರೊಂದು ದೊರೆತರೆ, ಅದರ ಬಾಗನ್ನು ಅಳೆದು ಇಡೀ ಮಡಕೆಯ ಬಾಯಗಲವನ್ನು ಆತನು ಗಣಿಸಬಲ್ಲನು. ಇಂಥ ಸಾಕ್ಷಿಗಳನ್ನರಸಿ ಇಂಗ್ಲೆಂಡಿನ ವಾರಮ್ ಪರ್ಸಿ ಎಂಬ ಹಾಳೂರಿನಲ್ಲಿ 1950ರಿಂದ 1990ರವರೆಗೆ ಉತ್ಖನನ ನಡೆಯಿತು.

ಆದುದರಿಂದ ಓದುಗರೇ, ಹೊಲದಲ್ಲಿ ಹಳೆಯ ಕಲ್ಲು ಕಂಡರೆ ಕದಲಿಸದಿರಿ. ಸ್ಥಾನ ತಪ್ಪಿದ ಸಾಕ್ಷಿ ಅರ್ಧ ಮೂಕವಾದಂತೆಯೇ.